ಖಾಲಿ ತೂಕ

ಕಾಟಾದ ಕಂಪ್ಯೂಟರ್ ಸತ್ತಾಗ
ಭತ್ತದ ಲಾರಿ ಒಂಬತ್ತು ಸಾಲಿನಲ್ಲಿದ್ದವು.
"ಹುಲಿಗೆಮ್ಮ, ಮನಿಗೆ ಒಯ್ದು ಏನಾರ ಮಾಡಮ್ಮ,
ಮುಂಜಾನಿ ಆರಕ್ಕ ತೂಕ ನಡೀಬೇಕು"
ಅಂದರು ಕ್ಯಾಂಪಿನ ವೀರರಾಜು.

ಹಳೇ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ
ತೊಡೆಯ ಮೇಲಿಟ್ಟುಕೊಂಡು ತಂದೆ.
ಅದರ ಸೀಳುಗಳಿಂದ ತೌಡು ಉದುರುತ್ತ ಬಂತು
ಕಾರಟಗಿಯ ನಮ್ಮ ಓಣಿಯ ತನಕ.

ಪೆನ್‌ಡ್ರೈವ್ ಖಾಜಾಹುಸೇನನ ಅಂಗಡಿಯದು,
ಬೆನ್ನ ಮೇಲೆ ಮೂವತ್ತೆರಡು ಅಂತ ಬರೆದಿದೆ.
ಲ್ಯಾಪ್‌ಟಾಪು ತಮ್ಮನದು, ನೆಟ್ಟೂ ಅವನದೇ,
ಇಳಿಸುವಾಗ ನಡುವೆ ಎರಡು ಸಲ ಕ್ರಿಕೆಟ್ ನೋಡಿದ್ದ.

ಮೊದಲ ಸಲ ಅರವತ್ತೆಂಟರಲ್ಲಿ ನಿಂತಿತು.
ನಾನೂ ಉಸಿರು ಹಿಡಿದು ನಿಂತೆ,
ಬಿಟ್ಟರೆ ಹಿಂದಕ್ಕೆ ಜಾರೀತು ಎಂಬಂತೆ.
ತಾಳೆ ನೋಡಿದೆ:
ಇರಬೇಕಾದ ಅಂಕಿಗಳ ಸಾಲೇ ಬೇರೆ, ಇದ್ದ ಸಾಲೇ ಬೇರೆ.
ಮಿಲ್ಲಿನಲ್ಲಿ ಹೀಗಾದರೆ ಡ್ರೈವರನ್ನು ಕರೆದು
"ದಾರ್ಯಾಗ ಎಲ್ಲಿ ಇಳಿಸಿದಿ?" ಅಂತ ಕೇಳುತ್ತೇವೆ.
ತಮ್ಮ ನಿದ್ದೆಯಲ್ಲೇ "ನಾನಲ್ಲ" ಅಂದ.

ಮತ್ತೆ ಇಳಿಸಿದೆ. ತಾಳೆ ಕೂಡಿತು.
ಆದರೆ ನಾಲ್ಕು ಜೀಬಿ ಮೀರಿದ ಒಂದೇ ಕಡತವನ್ನು
ಈ ಚೀಲ ಒಲ್ಲೆ ಅಂತು. ಚೀಲ ದೊಡ್ಡದೇ,
ಹೊಲಿಗೆ ಹಳೇ ಕಾಲದ್ದು.
ಬಿಚ್ಚಿ ಬೇರೆ ನಮೂನೆಯಲ್ಲಿ ಹೊಲಿದೆ.

ಮೂರನೇ ಸಲ ನೂರಕ್ಕೆ ನೂರು.
ಹಸಿರು ಪಟ್ಟಿ. ಚಹಾಕ್ಕಿಟ್ಟೆ.
ಚಹಾ ಉಕ್ಕುವ ಮೊದಲೇ
ಕಪ್ಪು ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಗೆರೆ,
ಮತ್ತೇನಿಲ್ಲ.

ಹನ್ನೊಂದು ವರ್ಷ ಕಾಟಾದಲ್ಲಿ ಕೂತವಳು
ಖಾಲಿ ತೂಕ ಮಾಡದೆ ಗಾಡಿ ಒಳಗೆ ಬಿಟ್ಟಿದ್ದೆ!
ಅಳೆದೆ. ಮೂವತ್ತೆರಡಲ್ಲ, ಮೂರೂ ಮುಕ್ಕಾಲು.
ಅದರಾಚೆ ಏನು ಕೊಟ್ಟರೂ ಹೂಂ ಅಂತ ಇಸಿದುಕೊಳ್ಳುತ್ತದೆ,
ಎಲ್ಲೂ ಇಡುವುದಿಲ್ಲ.
ಇಂಥ ಒಬ್ಬನಿಗೇ ನನ್ನನ್ನು ಕೊಡುವುದಿತ್ತು,
ಮುನಿರಾಬಾದ್ ಕಡೆಯವನು.

ರಾತ್ರಿ ಒಂದೂವರೆ. ಪಕ್ಕದ ಪಂಪಾಪತಿಯನ್ನು ಎಬ್ಬಿಸಿದೆ.
ಅವನ ಟ್ರ್ಯಾಕ್ಟರಿನ ಟೇಪಿನಲ್ಲಿ ಕಚ್ಚಿಕೊಂಡಿದ್ದ ಹದಿನಾರು
ನಿಜವಾದ ಹದಿನಾರು.
"ಹಾಡು ಮಾತ್ರ ಕಳೀಬ್ಯಾಡ ಅಕ್ಕ,
ಹಾಡಿಲ್ಲಂದ್ರ ಟ್ರ್ಯಾಕ್ಟರ್ ನಡಿಯಂಗಿಲ್ಲ."
ಹಾಡುಗಳನ್ನು ಲ್ಯಾಪ್‌ಟಾಪಿನಲ್ಲಿ ಮಲಗಿಸಿ
ಕೆಲಸ ಮೊದಲಿನಿಂದ.

ಮುಂದಿನ ಕಿಂಡಿಯಲ್ಲಿ ಚುಚ್ಚಿದರೆ ಗುರುತೇ ಹಿಡಿಯಲಿಲ್ಲ,
ಕಿಂಡಿಯ ತುಂಬ ತೌಡು.
ಹಿಂದಿನದರಲ್ಲಿ ಹಿಡಿಯಿತು. ಎದ್ದಿತು.
ಎದ್ದು, ಈ ಕಡತಕ್ಕೆ ಸಹಿ ಇನ್ನೂ ಬಿದ್ದೇ ಇಲ್ಲ ಅಂತು.
ಯಾಕೆಂದರೆ ಅದಕ್ಕೆ ಅವತ್ತು
ಎರಡು ಸಾವಿರದ ಒಂಬತ್ತು, ಜನವರಿ ಒಂದು.
ಒಳಗಿನ ಬಿಲ್ಲೆಯಂಥ ಬ್ಯಾಟರಿ ಯಾವಾಗಲೋ ಬತ್ತಿತ್ತು.

ಆ ಜನವರಿಯಲ್ಲಿ ನಾನು ಒಂಬತ್ತನೇ ಕ್ಲಾಸು ಬಿಟ್ಟು
ಇದೇ ಮಿಲ್ಲಿನ ಅಂಗಳದಲ್ಲಿ ನುಚ್ಚು ಕೇರುತ್ತಿದ್ದೆ.
ಬಾಣದ ಗುಂಡಿ ಒತ್ತಿ ಒಂದೊಂದೇ ವರ್ಷ ಮುಂದೆ ತಂದೆ.
ಹದಿನಾಲ್ಕರಲ್ಲಿ ಬೆರಳು ತುಸು ನಿಂತಿತು.
ಯಾಕೆಂದು ಇಲ್ಲಿ ಬರೆಯುವುದಿಲ್ಲ.
ಮತ್ತೆ ಒತ್ತಿದೆ, ಇವತ್ತಿನವರೆಗೆ.

ನಾಲ್ಕೂಮುಕ್ಕಾಲಿಗೆ ಅದು ನನ್ನ ಭಾಷೆ ಯಾವುದು ಅಂತ ಕೇಳಿತು.
ಪಟ್ಟಿಯಲ್ಲಿ ಹುಡುಕಿ, ಕನ್ನಡ ಅಂದೆ.

ಆರಕ್ಕೆ ಹತ್ತು ನಿಮಿಷ, ಬಾಗಿಲಲ್ಲಿ ಪಂಪಾಪತಿ.
ಅವನ ಹದಿನಾರು ಇನ್ನೂ ಕಂಪ್ಯೂಟರಿಗೆ ಸಿಕ್ಕಿಸಿತ್ತು,
ಆ ಸುಳ್ಳಿನ ಮೂವತ್ತೆರಡನ್ನೇ ಕೊಟ್ಟೆ.
ಮೂರೂ ಮುಕ್ಕಾಲರಲ್ಲಿ ಹಾಡೆಲ್ಲ ಹಿಡಿಸಿ
ಇನ್ನೂ ಜಾಗ ಉಳಿದಿತ್ತು.
ತಿರುಗಿಸಿ ನೋಡಿದ, ಹಲ್ಲು ಕಿರಿದ:
"ಹದಿನಾರು ಕೊಟ್ಟಿದ್ದೆ, ಮೂವತ್ತೆರಡು ಬಂತಲ್ಲ ಅಕ್ಕ!"
ಹೇಳಬೇಕು ಅಂದುಕೊಂಡೆ.
ಅಷ್ಟರಲ್ಲಿ ಟ್ರ್ಯಾಕ್ಟರ್
ಹಾಡುತ್ತ ಓಣಿ ದಾಟಿತ್ತು.