ಬಾ

ಸಾಣಾಪುರದ ಕಡೆ ಹೋದರೆ ಆ ಹಲಗೆ ಇನ್ನೂ ಇದೆ,
ದೊಡ್ಡಮ್ಮನ ಕೋಳಿಗೂಡಿಗೆ ಬಾಗಿಲಾಗಿ.
ಪೇಂಟರ್ ಯಮನೂರಪ್ಪ ಬರೆದ ಹೀಬ್ರೂ ಅಕ್ಷರ,
ಚೀಟಿ ನೋಡಿ ನೋಡಿ ಒಂದೊಂದೇ ಗೂಟ ನೆಟ್ಟ ಹಾಗೆ
ಎಡದಿಂದ ಬಲಕ್ಕೆ.
ಅದು ಬಲದಿಂದ ಎಡಕ್ಕೆ ನಡೆಯುವ ಭಾಷೆ ಅಂತ
ಯಾರೂ ಹೇಳಿರಲಿಲ್ಲ ಅವನಿಗೆ.
ಓದಿದವರು ನಕ್ಕರು, ನಕ್ಕು ಒಳಗೆ ಬಂದರು,
ಬಂದವರು ಉಂಡರು.
ತಿದ್ದಿಸಬ್ಯಾಡ ಅಂದಳು ದೊಡ್ಡಮ್ಮ, ಹುಲಿಗೆವ್ವ.

ಉಂಡವರು ಹಾಡಿದರು.
ಕಡಲೆ ರುಬ್ಬಿದ ಕೈ ಇವಳು ತೊಳೆಯುವ ಮೊದಲೇ
ಗಿಟಾರು ಶುರು. ಎಷ್ಟೋ ಹಾಡು ಬಂದು ಹೋದವು.
ಒಂದು ಮಾತ್ರ ಪ್ರತಿ ಚಳಿಗಾಲ
ಹೊಸ ಹೊಸ ಬಾಯಿಗಳಲ್ಲಿ ಮರಳುತ್ತಿತ್ತು,
ಸಾಲಿನ ಕೊನೆಗೊಂದು ಎಳೆದ ‘ಬಾ’,
ಆಮೇಲೆ ಸುಮ್ಮನೆ ಎರಡು ಉಸಿರು,
ಮತ್ತೆ ‘ಬಾ’.

ಅರ್ಥ ಕೇಳುವ ಗರಜೇ ಬೀಳಲಿಲ್ಲ ದೊಡ್ಡಮ್ಮನಿಗೆ.
ಬಾ ಅಂದರೆ ಬಾ.
ಯಾರನ್ನೋ ಕರೀತಾರ, ಅವರು ಬರವಲ್ರು,
ಇಷ್ಟು ತಿಳಿಯಾಕ ಸಾಲಿ ಕಲೀಬೇಕೇನು?
ಹೊಳೆಯ ಆಚೆ ದಂಡೆಯಲ್ಲಿ ನಿಂತು
ಮುಚ್ಚಂಜೆ ಹರಗೋಲಿನವನನ್ನು ಕೂಗಿದವಳು ಅವಳು,
ಆ ಎಳೆತ ಗೊತ್ತಿತ್ತು.
ಹನ್ನೊಂದು ವರ್ಷ ಆ ಅರ್ಥದಲ್ಲೇ ಹಾಡಿದಳು,
ಅಕ್ಕಿ ಕೇರುತ್ತ, ಎಮ್ಮೆ ಹೊಡೆದುಕೊಂಡು ಬರುತ್ತ,
ಒಮ್ಮೆ ಬರಿಗೈಯಲ್ಲಿ ಕೂತು, ಯಾರಿಗೋ.

ಸ್ಮದಾರ್ ಬಂದ ವರ್ಷ ಅದು ಕೆಟ್ಟಿತು.
ನರೆತ ಜಡೆಯ ಹೆಂಗಸು, ಮೊಣಕಾಲು ನೋವು,
ಹೆಸರಿನ ಅರ್ಥ ದ್ರಾಕ್ಷಿಯ ಹೂವಂತೆ.
ದ್ರಾಕ್ಷಿಗೂ ಹೂವೈತೇನು,
ಕುಷ್ಟಗಿಯವರನ್ನ ಕೇಳಬೇಕು ಅಂದಳು ದೊಡ್ಡಮ್ಮ.
ಇವಳು ಗುನುಗುವುದು ಕೇಳಿ
ಅಡುಗೆಮನೆಯೊಳಗೇ ಬಂದು ಕೂತಳು ಆಕೆ.
ನಡುವೆ ನನ್ನ ಹರಕು ಇಂಗ್ಲಿಷು.

ನಮ್ಮಲ್ಲಿ ಬಾ ಅಂದರೆ ಬಾ ಅಲ್ಲ.
ಬಾ ಅಂದರೆ ಬಂದ.
ಬಾ ಅಂದರೆ ಬರುತ್ತಿದ್ದಾನೆ.
ಎರಡಕ್ಕೂ ಅದೇ ಎರಡಕ್ಷರ,
ಯಾವುದು ಅಂತ ಹಾಡು ಬಿಟ್ಟುಕೊಡುವುದಿಲ್ಲ,
ಅದಕ್ಕೇ ಜಗಳ, ನನ್ನ ಅವ್ವನ ಕಾಲದಿಂದ.

ಮತ್ತೆ ಇದು ಹುಟ್ಟಿದ್ದು?
ಕಲ್ಲುನೆಲದಲ್ಲೊಂದು ಹೊಸ ಊರು, ಬಾವಿ ಇಲ್ಲ.
ದಿನಕ್ಕೊಮ್ಮೆ ಕತ್ತೆಬಂಡಿಯಲ್ಲಿ ನೀರಿನ ಪೀಪಾಯಿ.
ಗುಡ್ಡದ ತಿರುವಿನಲ್ಲಿ ಎರಡು ಕಿವಿ ಕಂಡರೆ ಸಾಕು,
ಡಬ್ಬಿ ಹಿಡಿದ ಮಕ್ಕಳ ಕೂಗು: ಬಾ! ಬಾ!
ಅಕ್ಷರ ಕಲಿಸುವ ಒಬ್ಬಾಕೆ
ಆ ಕೂಗಿಗೆ ನಾಲ್ಕು ಸಾಲು ಕಟ್ಟಿದಳು.
ಧಾಟಿ ಅವಳದಲ್ಲ, ಅವಳ ಅಜ್ಜಿಯದು,
ಹಿಮದ ಸೀಮೆಯಿಂದ ಹಡಗು ಹತ್ತಿ ಬಂದದ್ದು,
ಅಲ್ಲಿ ಅದು ಬಟ್ಟೆ ಒಗೆಯುವ ಹಾಡು.
ಇಲ್ಲಿ ಕತ್ತೆಯ ಹಾಡು.
ನಗುವ ಹಾಡು, ಅಷ್ಟೇ.

ಹೊಸ ಊರು ಅಂತಿ,
ಹಳೇದು ಎಲ್ಲಿ ಹೋತು? ಅಂದಳು ದೊಡ್ಡಮ್ಮ.
ನಾನು ಅದನ್ನೂ ದಾಟಿಸಿದೆ.
ಸ್ಮದಾರ್ ಒಲೆ ನೋಡಿದಳು.
ಅದಕ್ಕೂ ಹಾಡಿರಬೇಕು, ಅಂದಳು,
ನಮ್ಮ ಭಾಷೆಯಲ್ಲಲ್ಲ.

ಆಮೇಲೆ ಯುದ್ಧ.
ಒಂದು ದಿನ ಕತ್ತೆ ಒಂದೇ ಬಂತು.
ಪೀಪಾಯಿ ತುಂಬಿತ್ತು, ಹೊಡೆಯುವವನಿಲ್ಲ.
ಹಾಡಿನ ಒಂದಕ್ಷರವನ್ನೂ ಯಾರೂ ಬದಲಿಸಲಿಲ್ಲ.
ನಡೆ ಮಾತ್ರ ನಿಧಾನವಾಯಿತು,
ಆ ಎರಡು ಉಸಿರಿನ ಸುಮ್ಮನಿರುವಿಕೆ ಆಗ ಸೇರಿದ್ದು.
ಈಗ ಮದುವೆಗೂ ಅದೇ, ಗೋರಿಗೂ ಅದೇ.
ಮದುವೆಯಲ್ಲಿ ‘ಬಂದ’ ಅಂತ,
ಗೋರಿಯ ಹತ್ತಿರ...
ಸ್ಮದಾರ್ ಈಳಿಗೆ ಎಳೆದುಕೊಂಡಳು,
ಒಂದು ಉಳ್ಳಾಗಡ್ಡಿ ಪೂರ್ತಿ ಹೆಚ್ಚಿದಳು.
ನನ್ನ ತಮ್ಮ, ಅಂದಳು ಕೊನೆಗೆ.
ಮುಂದಿನದಕ್ಕೆ ನನ್ನ ಇಂಗ್ಲಿಷು ಬೇಕಾಗಲಿಲ್ಲ.

ಗಡ್ಡಿಯ ಹೋಟೆಲುಗಳ ಮೇಲೆ ಜೆಸಿಬಿ ಬಂದದ್ದು
ಅದಾದ ಮೇಲೆ. ಒಲೆ ಹೋಯಿತು, ಚಪ್ಪರ ಹೋಯಿತು.
ಹಲಗೆ ಹೊತ್ತುಕೊಂಡು ಈಚೆ ಬಂದಳು ದೊಡ್ಡಮ್ಮ.
ನೀರಿನ ಕತ್ತೆ ಅಂದರೆ ಈಗಲೂ ನಗುತ್ತಾಳೆ,
ನಕ್ಕ ಮೇಲೆ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾಳೆ.

ಸಂಜೆ ಕೋಳಿ ಕರೆಯುತ್ತಾಳೆ: ಬಾ, ಬಾ.
ಎಣಿಸಿದರೆ ಒಂದು ಕಡಿಮೆ.
ಸೀಮೆಜಾಲಿ ಪೊದೆ ಅಲ್ಲಾಡುತ್ತದೆ, ಗಾಳಿಯೋ ಏನೋ.
ಬಂತೇನು ದೊಡ್ಡವ್ವ? ಅಂದೆ.
ಬಾ, ಅಂದಳು, ನನಗಲ್ಲ,
ಕತ್ತಲಿಗೂ ಅಲ್ಲ ಅನಿಸಿತು.
ಹಿಂದುಮುಂದಾದ ಅಕ್ಷರಗಳ ಆ ಬಾಗಿಲನ್ನು
ಒಂದು ಕೈಯಲ್ಲಿ ಹಿಡಿದೇ ನಿಂತಿದ್ದಳು,
ಹಾಕಿರಲಿಲ್ಲ.