ಎಂಟು ಕಂಬ, ಒಂದು ಟೇಪು

ನಗರಸಭೆಯ ಕಾಗದದಲ್ಲಿ ಅದು ವಿಶ್ರಾಂತಿ ಮಂಟಪ.
ಮೀನು ಮಾರುವವರಿಗೆ ಛತ್ರಿ,
ನನ್ನ ಡೈರಿಯಲ್ಲಿ ಜಾಬ್ ನಂಬರ್ ನಲವತ್ತೊಂದು.
ಎಂಟು ಕಂಬ, ಮೇಲೊಂದು ಸಿಮೆಂಟಿನ ಟೊಪ್ಪಿ,
ಸುತ್ತ ಕೂರಲು ಮೊಣಕಾಲೆತ್ತರದ ಕಟ್ಟೆ.
ಗೋಡೆ ಇಲ್ಲ, ಬಾಗಿಲ ಮಾತೇ ಇಲ್ಲ.

ರಾತ್ರಿ ಯಾರ್ಯಾರೋ ಮಲಗುತ್ತಾರೆಂದು ದೂರು.
ಯಾರ್ಯಾರು ಎಂದು ದೂರಿನಲ್ಲಿ ಇರಲಿಲ್ಲ.
ಸುತ್ತ ಗ್ರಿಲ್ಲು, ಒಂದು ಗೇಟು, ಒಂದು ಬೀಗ;
ಆರಕ್ಕೆ ತೆಗೆದು ಏಳಕ್ಕೆ ಹಾಕುವುದು.
ಹಬ್ಬುವಾಡದ ನನ್ನ ಶೆಡ್ಡಿಗೆ ಬಂತು ಕೆಲಸ.
ಮಳೆಗಾಲದ ಹಿಂದಿನ ತಿಂಗಳು, ಕೈ ಖಾಲಿ,
ಬೇಡ ಅನ್ನಲಿಲ್ಲ.

ಅಳೆಯಲು ಹೋದಾಗ ನಡು ಮಧ್ಯಾಹ್ನ.
ಸಾಲ್ವಾದೋರ ಜ್ವರವೆಂದು ಬಂದಿರಲಿಲ್ಲ,
ಟೇಪಿನ ತುದಿಗೆ ಒಬ್ಬರು ಬೇಕಿತ್ತು.
ಬಲೆ ಹೊಲಿಯುತ್ತಿದ್ದ ಪುರ್ಸೊ ಹರಿಕಂತ್ರ
ಹೆಬ್ಬೆರಳಿಗೆ ಸಿಕ್ಕಿಸಿದ ದಾರ ಬಿಡದೆ
ಕೈ ಮಾತ್ರ ಚಾಚಿ ಹಿಡಿದ ಮೊದಲ ಕಂಬ.
ಎರಡನೆಯದಕ್ಕೆ ಇಸ್ಪೀಟಿನಿಂದ ಎದ್ದು ಬಂದರು
ರಿಟಾಯರ್ಡ್ ಕಂಡಕ್ಟರು ಶಾಣು ಪಡ್ತಿ,
ಎಲೆಗಳನ್ನು ಎದೆಗೊತ್ತಿಕೊಂಡು; ಯಾರನ್ನೂ ನಂಬುವವರಲ್ಲ.
ಮೂರನೆಯದಕ್ಕೆ ನರ್ಸಿಂಗ್ ಓದುವ ಹುಡುಗಿ,
ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಲೇ.
ಯಾತಕ್ಕೆಂದು ಯಾರೂ ಕೇಳಲಿಲ್ಲ.
ಏಳಡಿ ಮೂರಿಂಚು. ಏಳಡಿ ಐದು. ಏಳಡಿ ಒಂದೂವರೆ.
ಒಂದು ಸಂದು ಇನ್ನೊಂದರಂತಿಲ್ಲ,
ಉಪ್ಪುಗಾಳಿ ಒಂದೊಂದು ಕಂಬವನ್ನು
ಒಂದೊಂದು ಹಸಿವಿನಲ್ಲಿ ತಿಂದಿದೆ.

ಆರನೆಯ ಸಂದಿನಲ್ಲಿ ಬುದ್ವಂತಿ ಗೌಡ,
ಬಸಳೆ ಕಟ್ಟು, ನಾಕು ಮೊಗೆಕಾಯಿ, ಕೊರಳ ತುಂಬ ಮಣಿಸರ.
ತುದಿ ಕೊಟ್ಟೆ. ತಿರುಗಿಸಿ ನೋಡಿದಳು.
"ಇದೇಯಾ ತಮಾ, ನಮ್ಮೂರಿಗೂ ಮೊದಲು ಬಂದದ್ದು ಇದೇಯಾ.
ನಾನೇ ಹಿಡದಿದ್ದೆ ತುದಿ. ಮದಿಯಾದ ಹೊಸತು,
ಹಳದಿ ಬಣ್ಣ ಚಂದ ಕಂಡಿತ್ತು.
ಈಗ ಊರು ತಂತಿಬೇಲಿ ಒಳಗೆ ಇದೆ,
ಪಾಸು ಬೇಕು, ನಮ್ಮ ಬಾವಿ ನೋಡೂಕೂ."
ಹೇಳಿ, ಕಂಬಕ್ಕೆ ಒತ್ತಿ ಹಿಡಿದಳು,
ಒಂದು ನೂಲೂ ಆಚೀಚೆ ಆಗದಂತೆ.
ಏಳಡಿ ನಾಲ್ಕು. ಬರೆದುಕೊಂಡೆ.

ಗ್ರಿಲ್ಲು ಮಾಡಿದೆ. ಮಾಡಲಿಲ್ಲ ಎಂದರೆ ಸುಳ್ಳು.
ಎಂಟು ಸಂದಿಗೆ ಎಂಟು ಅಳತೆ, ಎಂಟು ರಾತ್ರಿ ಕಿಡಿ.
ಎಸ್ಟಿಮೇಟಿನಲ್ಲಿತ್ತು, ರೆಡ್ ಆಕ್ಸೈಡ್ ಎರಡು ಕೋಟು.
ಒಂದು ಹಚ್ಚಿದೆ. ಕೆಳಗಿನ ಬೆಸುಗೆಗೆ ಅದೂ ಇಲ್ಲ.
ಇದನ್ನು ದೊಡ್ಡ ಮನಸ್ಸು ಎನ್ನಬೇಡಿ,
ಉಳಿದ ಡಬ್ಬಿ ನಮ್ಮ ಮನೆ ಗೇಟಿಗೆ ಆಯಿತು.

ಆರಕ್ಕೆ ತೆಗೆಯುವವನು ಹತ್ತಕ್ಕೆ ಬಂದ,
ಆಮೇಲೆ ವಾರಕ್ಕೊಮ್ಮೆ,
ಆಮೇಲೆ ಕೀಲಿ ಯಾರ ಹತ್ತಿರ ಎಂಬುದೇ ಒಂದು ಫೈಲಾಯಿತು.
ಪುರ್ಸೊ ಬಲೆಯನ್ನು ಗಾಳಿಮರದ ಬುಡಕ್ಕೆ ಒಯ್ದ.
ಇಸ್ಪೀಟು ಬಸ್‌ಸ್ಟ್ಯಾಂಡಿಗೆ. ಹುಡುಗಿ ಪಾಸಾದಳಂತೆ.
ಬುದ್ವಂತಿ ಹೊರಗೆ, ಹೆದ್ದಾರಿಯ ಕಡೆ; ನೆರಳು ಒಳಗೆ.
ಮೂರು ಗಂಟೆಯ ಮೇಲೆ ಅದು ತಾನಾಗಿ
ಸರಳುಗಳ ನಡುವಿಂದ ತೂರಿ
ಅವಳ ಬಸಳೆಯವರೆಗೆ ಬರುತ್ತಿತ್ತು,
ಪಟ್ಟೆ ಪಟ್ಟೆಯಾಗಿ.

ಎರಡನೆಯ ಮಳೆಗಾಲ ಬುಡ ಕೊರೆಯಿತು.
ಮೂರನೆಯದರಲ್ಲಿ ಬೀಗ ಗಟ್ಟಿಯಾಗೇ ಇತ್ತು,
ಗೇಟೇ ಕಳಚಿ ಬೀಗಕ್ಕೆ ಜೋತಾಡುತ್ತಿತ್ತು.
ಒಂದು ಬೆಳಿಗ್ಗೆ ಗ್ರಿಲ್ಲುಗಳೂ ಇಲ್ಲ.
ಗುಜರಿಗೆ ಹೋದವೋ,
ಬೈತಕೋಲದಲ್ಲಿ ಯಾರದೋ ಕೋಳಿಗೂಡಾದವೋ.
ಒಳಗೆ ಮಲಗಿದ್ದ, ಮುಖಕ್ಕೆ ಲುಂಗಿ ಎಳೆದುಕೊಂಡು,
ಯಾರ್ಯಾರೋ ಅಲ್ಲ, ಒಬ್ಬನೇ.
ಹಿಮ್ಮಡಿ ಒಡೆದಿತ್ತು.

ಈಗ ಮತ್ತೆ ಕೊಟೇಶನ್ ಕರೆದಿದ್ದಾರೆ,
ಈ ಸಲ ಸ್ಟೇನ್‌ಲೆಸ್ ಸ್ಟೀಲು.
ನಿನ್ನೆ ಹೋಗಿದ್ದೆ. ಎಲ್ಲ ವಾಪಸು ಬಂದಿದ್ದರು,
ಬಲೆ, ಎಲೆ, ಬೇರೆ ಯಾವುದೋ ಪುಸ್ತಕದ ಬೇರೆ ಹುಡುಗಿ.
ಬುದ್ವಂತಿಯ ಜಾಗದಲ್ಲಿ ಬುದ್ವಂತಿಯೇ,
ಮೊಗೆಕಾಯಿಯ ಬದಲು ಗೆಣಸು.
ತುದಿ ಚಾಚಿದೆ.
ಪುರ್ಸೊ ಗಂಟು ಹಾಕುತ್ತಲೇ ಇದ್ದ.
ಶಾಣು ಪಡ್ತಿ ಎಲೆ ಇಳಿಸಿದರು.
ದೇವಗಡದ ಕಡೆಯಿಂದ ಒಂದು ದೋಣಿ ನಿಧಾನ ಬರುತ್ತಿತ್ತು,
ಎಲ್ಲರೂ ಅದನ್ನೇ ನೋಡುತ್ತಿದ್ದರು.

ಕಂಬದಲ್ಲುಳಿದ ಹಳೆ ಬೋಲ್ಟಿಗೆ ಕೊಕ್ಕೆ ಸಿಕ್ಕಿಸಿ
ನಾನೇ ಎಳೆದೆ. ಆರನೆಯ ಸಂದು,
ಏಳಡಿ ನಾಲ್ಕೂವರೆ.
ಅರ್ಧ ಇಂಚು ಅಗಲವಾಗಿತ್ತು.