ಬಹುದು

ಓಝಾರ್ಕ್ ಗುಡ್ಡಗಳ ಕೆಳಗೆ, ಪೆಟ್ರೋಲ್ ಬಂಕಿನ ಪಕ್ಕ
ವರ್ನಾ ಸ್ಟಬಲ್‌ಫೀಲ್ಡಳ ಅಂಗಡಿ.
ಗೋಡೆಗೆ ಗಾಳದ ಕೋಲು, ಫ್ರಿಜ್ಜಿನಲ್ಲಿ ಎರೆಹುಳು,
ಗಾಜಿನ ಕೆಳಗೆ ಹಸಿರು ಬಟ್ಟೆಯ ಮೇಲೆ
ಮಲಗಿಸಿಟ್ಟ ಪಿಸ್ತೂಲುಗಳು.
ಪ್ರತಿಯೊಂದರ ಕೊರಳಿಗೂ ದಾರ, ದಾರದ ತುದಿಗೆ ಬೆಲೆ.

ಅರ್ಜಿ ಇದೆ. ಸರಪಳಿ ಕಟ್ಟಿದ ಪೆನ್ನಿದೆ.
ಹೆಸರು, ಎತ್ತರ, ತೂಕ, ಹುಟ್ಟಿದ ಊರು.
ಆಮೇಲೆ ಪ್ರಶ್ನೆಗಳು:
ಕೊಳ್ಳುತ್ತಿರುವುದು ನಿನಗೇನಾ, ಇನ್ನಾರಿಗೋ?
ಪೊಲೀಸರಿಂದ ತಲೆಮರೆಸಿಕೊಂಡಿದ್ದೀಯಾ?
ಮನೆಯವರ ಮೇಲೆ ಕೈಮಾಡಿ ಕೋರ್ಟಿನಲ್ಲಿ ತಪ್ಪಿತಸ್ಥನಾದದ್ದುಂಟೆ?
ಇಲ್ಲ, ಇಲ್ಲ, ಇಲ್ಲ,
ಚೌಕದೊಳಗೆ ಗುರುತು ಹಾಕುತ್ತಾರೆ ಎಲ್ಲರೂ.
ಮೂವತ್ತೊಂದು ವರ್ಷದಲ್ಲಿ ವರ್ನಾ
‘ಹೌದು’ ಕಂಡದ್ದು ಎರಡೇ ಸಲ.
ಒಬ್ಬ ಕನ್ನಡಕ ಮರೆತು ಬಂದಿದ್ದ.
ಇನ್ನೊಬ್ಬ ಪ್ರಾಮಾಣಿಕ.

ಮಂಗಳವಾರ ಬಂದವನು ಲಾನಿ ಪ್ರೂಯಿಟ್,
ಮಾಡು ಹೊದಿಸುವ ಕೆಲಸದವನು, ಉಗುರಲ್ಲಿ ಡಾಂಬರು.
ವರ್ನಾ ಅವನ ಹೆಸರನ್ನು ವೆಸ್ಟ್ ವರ್ಜೀನಿಯಾಕ್ಕೆ ಕಳಿಸಿದಳು.
ಅಲ್ಲಿಂದ ಬರುವುದು ಮೂರರಲ್ಲಿ ಒಂದು ಮಾತು:
ಕೊಡು. ಕೊಡಬೇಡ. ತಡೆ.
ಬಂದದ್ದು, ತಡೆ.

ಬುಧ, ಗುರು, ಶುಕ್ರ.
ಫೋನು ಬಾಯಿ ಬಿಡಲಿಲ್ಲ.
ಮೂರು ಕೆಲಸದ ದಿನ ಕಳೆದರೆ
ಕಾನೂನು ಅವಳತ್ತ ತಿರುಗಿ ಹೇಳುತ್ತದೆ:
ಕೊಡಬಹುದು.
ಕೊಡಬೇಕು ಅಂತಲ್ಲ, ಕೊಡಬಾರದು ಅಂತಲೂ ಅಲ್ಲ.
ಅವಳ ಭಾಷೆಯಲ್ಲಿ ಆ ಪದಕ್ಕೆ ಮೂರೇ ಅಕ್ಷರ,
ನನ್ನದರಲ್ಲೂ ಮೂರು.
ವಾಷಿಂಗ್ಟನ್ನಿನಲ್ಲಿ ಯಾರೋ ಅದನ್ನು ಬರೆದು,
ಪೆನ್ನಿಗೆ ಮುಚ್ಚಳ ಹಾಕಿ, ಊಟಕ್ಕೆ ಎದ್ದುಹೋದರು.
ಅದೀಗ ವರ್ನಾಳ ಕೌಂಟರಿನ ಮೇಲೆ,
ಯಾರೂ ಎಣಿಸದ ಚಿಲ್ಲರೆಯಂತೆ.

ಮಿಸಿಸಿಪ್ಪಿ ದಾಟಿದರೆ ಇಲಿನಾಯ್.
ಅಲ್ಲಿ ಕಾರ್ಡು ಬೇಕು, ಮೂರು ದಿನ ಕಾಯಲೇಬೇಕು.
ಒಂದೇ ಹೊಳೆ, ಒಂದೇ ಕೆಸರು ನೀರು.
ಆ ದಡದಲ್ಲಿ ಬೇಕು, ಈ ದಡದಲ್ಲಿ ಬಹುದು.

ಶನಿವಾರ ಬಾಗಿಲ ಗಂಟೆ ಸದ್ದಾಯಿತು.
‘ದಿನ ಕಳೆಯಿತಲ್ಲ?’ ಅಂದ.
‘ಕಳೆಯಿತು.’
‘ಹಾಗಾದರೆ?’
ಅವಳಿಗೆ ಅವನ ಹೆಂಡತಿ ನೆನಪಾದಳು.
ಹೋದ ಚಳಿಗಾಲ ಮೀನಿನ ಮರಿ ಕೊಳ್ಳಲು ಬಂದವಳು
ಅಂಗಡಿಯ ಒಳಗೂ ಕಪ್ಪು ಕನ್ನಡಕ ತೆಗೆದಿರಲಿಲ್ಲ.
ಹಿಮದ ಮೇಲೆ ಅವತ್ತು ಬಿಸಿಲು ಚೆನ್ನಾಗಿತ್ತು, ಅದೂ ನೆನಪಾಯಿತು.
‘ಉತ್ತರ ಬರಲಿ’ ಅಂದಳು.

ಅವನು ಸಿಟ್ಟಾಗಲಿಲ್ಲ.
‘ನಾಳೆ ಜಾತ್ರೆ ಮೈದಾನದಲ್ಲಿ ಮೇಜು ಹಾಕುತ್ತಾರೆ.
ಟ್ರಕ್ಕಿನ ಹಿಂದೆ ನಿಂತು ತನ್ನದನ್ನು ತಾನು ಮಾರುವವನು
ಅರ್ಜಿ ಕೇಳುವುದಿಲ್ಲ, ವರ್ನಾ.’
‘ಗೊತ್ತು.’
‘ಅದೂ ಕಾನೂನೇ.’
‘ಗೊತ್ತು ಅಂದೆನಲ್ಲ.’
ಒಂದು ಡಬ್ಬಿ ಎರೆಹುಳು ಕೊಂಡು ಹೋದ.

ಹತ್ತೊಂಬತ್ತನೆಯ ದಿನ ಫೋನು:
ಕೊಡು.
ಕಪ್ಪು ಚುಕ್ಕೆ ಇದ್ದದ್ದು ಅರ್ಕನ್ಸಾದ
ಇನ್ನೊಬ್ಬ ಲಾನಿ ಪ್ರೂಯಿಟನಿಗೆ.
ಹುಟ್ಟಿದ ತಿಂಗಳೂ ಒಂದೇ ಅಂತೆ.

ಅವಳೇ ಕರೆ ಮಾಡಿದಳು.
ಎತ್ತಿದ್ದು ಹೆಂಡತಿ. ಹಿಂದೆ ಟಿವಿ, ಮಗುವಿನ ನಗು.
‘ಮಾಡಿನ ಮೇಲಿದ್ದಾನೆ. ಏನು ಹೇಳಲಿ?’
‘ಮುಂಗಡ ವಾಪಸ್ ಒಯ್ಯಬಹುದು’ ಎಂದು ಶುರು ಮಾಡಿ
ಆ ಪದದ ಹತ್ತಿರ ಬಂದು ನಿಂತುಬಿಟ್ಟಳು.
‘ಹಲೋ?’ ಅಂತು ಆ ಕಡೆ. ‘ಹಲೋ?’

ಆಮೇಲೆ ಪಿಸ್ತೂಲಿನ ಕೊರಳಿಗೆ
ಮತ್ತೆ ದಾರ ಕಟ್ಟಿದಳು.
ಗಂಟು ಬಿಗಿಯಾಗಲಿಲ್ಲ, ಬಿಚ್ಚಿ ಇನ್ನೊಮ್ಮೆ ಕಟ್ಟಿದಳು.